ಆಲ್ದೂರು ರಸ್ತೆಯ ನರ್ಸರಿ: ಬ್ರೋಮೆಲಿಯಾಡ್ ಕೊಳ್ಳುವವರು ಹಿಂದಿನ ಸಾಲು ನೋಡಿ

ಚಿಕ್ಕಮಗಳೂರಿನಿಂದ ಆಲ್ದೂರು ಕಡೆ ಹೋಗುವಾಗ ಕಾಫಿ ತೋಟದ ಮಗ್ಗುಲಲ್ಲೇ ಒಂದು ಸಣ್ಣ ನರ್ಸರಿ ಇದೆ. ಬೋರ್ಡ್ ಇಲ್ಲ, ರಸ್ತೆಯಿಂದ ಹಸಿರು ನೆಟ್ ಕಾಣುತ್ತದೆ ಅಷ್ಟೆ. ಬ್ರೋಮೆಲಿಯಾಡ್, ಅಂದರೆ ಅನಾನಸ್‌ನ ನೆಂಟರಾದ ಅಲಂಕಾರದ ಗಿಡ, ಇಷ್ಟಪಡುವವರು ಒಮ್ಮೆ ಹೋಗಿ ಬನ್ನಿ. ಇಲ್ಲಿನ ಗಿಡಗಳು ಹೆಚ್ಚಿನವು ಅಲ್ಲೇ ಮರಿ ತೆಗೆದು, ಸಿಲ್ವರ್ ಓಕ್ ನೆರಳಲ್ಲಿ, ನಮ್ಮ ಮಳೆ ಚಳಿ ಉಂಡೇ ಬೆಳೆದವು. ಮನೆಗೆ ತಂದ ಮೇಲೆ ಸೊರಗುವುದಿಲ್ಲ.

ಮುಂದಿನ ಸಾಲಲ್ಲಿ ಕೆಂಪು ಹೂವಿನ ಗುಜ್ಮಾನಿಯಾ ಇಟ್ಟಿದ್ದಾರೆ, 450 ರೂಪಾಯಿ. ಎಲ್ಲರೂ ಅದನ್ನೇ ಎತ್ತಿಕೊಳ್ಳುತ್ತಾರೆ. ಚೆಂದ ಇದೆ, ಬಣ್ಣ ತಿಂಗಳುಗಟ್ಟಲೆ ಉಳಿಯುತ್ತದೆ, ಎಲ್ಲ ನಿಜ. ಆದರೆ ಈ ಗಿಡ ಒಂದು ಸಲ ಹೂ ಬಿಟ್ಟರೆ ಮುಗೀತು, ಬುಡದಲ್ಲಿ ಮರಿ ಹಾಕಿ ತಾಯಿ ಗಿಡ ನಿಧಾನಕ್ಕೆ ಒಣಗುತ್ತದೆ. ಅನಾನಸ್ ಇದೇ ಕುಟುಂಬದ್ದು, ಅದೂ ಹೀಗೇ ಅಲ್ವಾ. ಇದನ್ನು ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಸುಮ್ನೆ ಕಟ್ಟಿ ಕೊಡುತ್ತಾರೆ. ನನಗೆ ಇದು ಸರಿ ಕಾಣಲಿಲ್ಲ.

ನೀವು ನೇರ ಹಿಂದಿನ ಸಾಲಿಗೆ ಹೋಗಿ. ಅಲ್ಲಿ ನಿಯೊರೆಗೇಲಿಯಾ ಇವೆ, ಬರೀ ಎಲೆಯ ಬಣ್ಣಕ್ಕೇ ಬೆಳೆಸುವಂಥವು. ಒಂದರಲ್ಲಿ ಎಲೆಗಳು ಸೇರಿ ಆದ ನಡುವಿನ ಬಟ್ಟಲಲ್ಲಿ ನೀರು ನಿಂತಿತ್ತು, ಆ ನೀರಿನ ಮಟ್ಟದಲ್ಲೇ ಪುಟ್ಟ ನೇರಳೆ ಹೂಗಳು ತಲೆ ಎತ್ತಿದ್ದವು, ಸುತ್ತಲಿನ ಎಲೆಗಳ ಬುಡವೆಲ್ಲ ಕುಂಕುಮದ ಹಾಗೆ ಕೆಂಪು. ಮರಿಗೆ 150 ರೂಪಾಯಿ. ತೀರಾ ಎಳೆ ಮರಿಗಳನ್ನು ಇವರು ಕೀಳುವುದಿಲ್ಲ, ತಾಯಿಯ ಮೂರನೇ ಒಂದು ಭಾಗ ಆಗುವವರೆಗೆ ಬಿಡುತ್ತಾರೆ, ಇದು ತುಂಬಾ ಒಳ್ಳೆಯದು. ಮನೆಯಲ್ಲಿ ಬೆಳಗಿನ ಬಿಸಿಲು ಬೀಳುವ ಕಡೆ ಇಡಿ. ನೆರಳು ಜಾಸ್ತಿಯಾದರೆ ಎಲ್ಲ ಹಸಿರಾಗಿಬಿಡುತ್ತದೆ.

ನನಗೆ ಈ ಜಾಗದ ಮೇಲೆ ನಂಬಿಕೆ ಬಂದಿದ್ದು ಒಂದು ಪ್ರಶ್ನೆಯಿಂದ. ದುಡ್ಡು ತೆಗೆದುಕೊಳ್ಳುವ ಮೊದಲು ಅಲ್ಲಿನ ಅಕ್ಕ ಕೇಳಿದರು, "ಮನೆ ತೋಟದೊಳಗಾ? ಬೋರ್ಡೋ ಹೊಡೆಸ್ತೀರಾ?" ಎಷ್ಟು ಸರಿಯಾದ ಪ್ರಶ್ನೆ! ತೋಟದ ಕೊಳೆರೋಗಕ್ಕೆ ಅಂತ ಮಳೆಗಾಲದ ಮುಂಚೆ ನಾವು ಹೊಡೆಸುವ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತ, ಅಂದರೆ ತಾಮ್ರ. ಬ್ರೋಮೆಲಿಯಾಡ್‌ಗೆ ತಾಮ್ರ ವಿಷ. ಗಾಳಿಗೆ ಹಾರಿ ಬಂದ ಹನಿ ಆ ಬಟ್ಟಲಿಗೆ ಬಿದ್ದು ಅಲ್ಲೇ ನಿಂತರೆ ಗಿಡ ನಡುವಿನಿಂದಲೇ ಹೋಗುತ್ತದೆ. ಹೊಡೆಸುವ ದಿನ ಕುಂಡಗಳನ್ನು ಒಳಗೆ ಎತ್ತಿಡಿ, ಹನಿ ಬಿದ್ದಿದ್ದರೆ ಬಗ್ಗಿಸಿ ಒಳ್ಳೇ ನೀರಲ್ಲಿ ತೊಳೆಯಿರಿ. ಈ ಗಿಡಗಳನ್ನು ಮರಕ್ಕೆ ಕಟ್ಟಿ ಬೆಳೆಸುವವರು ತಾಮ್ರದ ತಂತಿ ಬಿಟ್ಟು ಹಳೇ ಕಾಲುಚೀಲದ ಪಟ್ಟಿ ಬಳಸಿ. ಈ ಮಾತು ನನಗೆ ಬೇರೆ ಯಾವ ನರ್ಸರಿಯವರೂ ಹೇಳಿರಲಿಲ್ಲ.

ಬಟ್ಟಲಿನ ನೀರಲ್ಲಿ ಸೊಳ್ಳೆ ಮರಿ ಮಾಡುತ್ತದೆ, ಡೆಂಗೆ ಭಯ ಇದ್ದೇ ಇದೆ. ವಾರಕ್ಕೊಮ್ಮೆ ಬಗ್ಗಿಸಿ ಚೆಲ್ಲಿ ಹೊಸ ನೀರು ಹಾಕಿ, ಮಳೆ ನೀರು ಹಿಡಿದಿಟ್ಟಿದ್ದರೆ ಅದೇ ಒಳ್ಳೆಯದು. ಬೋರ್‌ವೆಲ್ ನೀರು ಎಲೆ ಮೇಲೆ ಬಿಳಿ ಕಲೆ ಬಿಡುತ್ತದೆ.

ಕೊರತೆ ಅಂದರೆ ಮಣ್ಣು. ಕೆಂಪು ಮಣ್ಣು, ಗೊಬ್ಬರ ಸೇರಿಸಿ ಕವರ್‌ಗೆ ಗಿಡಿದು ತುಂಬುತ್ತಾರೆ. ಕಾಡಲ್ಲಿ ಮರದ ಮೇಲೆ ಬೇರೂರಿ ಬದುಕುವ ಜಾತಿ ಇವು, ಬೇರಿಗೆ ಗಾಳಿ ಬೇಕು. ನಮ್ಮ ಜುಲೈ ಮಳೆಗೆ ಆ ಮಣ್ಣಲ್ಲಿ ಬುಡ ಕೊಳೆಯುವುದು ಖಂಡಿತ. ತಂದ ತಕ್ಷಣ ತೆಂಗಿನ ಸಿಪ್ಪೆ ಚೂರು, ಇದ್ದಿಲು, ದಪ್ಪ ಮರಳಿಗೆ ಬದಲಾಯಿಸಿ, ಆಳಕ್ಕೆ ಹೂಳಬೇಡಿ. ಗಿಡಗಳಿಗೆ ಹೆಸರಿನ ಚೀಟಿಯೂ ಇಲ್ಲ. ಅಕ್ಕ ಬೆಳಿಗ್ಗೆ ಮಾತ್ರ ಇರುತ್ತಾರೆ, ಅವರಿದ್ದಾಗಲೇ ಹೋಗಿ ಹೆಸರು ಕೇಳಿ ಬರೆದುಕೊಳ್ಳಿ. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಕೈಯಲ್ಲಿ ನೋಟು ಇರಲಿ.