ಹಾರುವ ಮಂಚವನ್ನು ಎಲ್ಲಿ ಕಟ್ಟೋದು? ಆರ್ಬಿಟರ್, ಎಕ್ಸ್-ಪ್ಲೇನ್, ಫ್ಲೈಟ್‌ಗಿಯರ್ ಮೂರೂ ಸಿಮ್ಯುಲೇಟರ್‌ಗಳಲ್ಲಿ ನೋಡಿದ ಮೇಲೆ

ಚಂದ್ರನ ಮೇಲೆ ಇಳಿಯುವ ಬಗೆಯನ್ನು ಭೂಮಿಯ ಮೇಲೇ ಪರೀಕ್ಷಿಸಲು ನಾಸಾ ಮಾಡಿಸಿದ ಎಲ್‌ಎಲ್‌ಆರ್‌ವಿ ಯಂತ್ರದ ಫೋಟೊ ನೋಡಿದವರಿಗೆ ಮೊದಲು ಬರುವ ಅನುಮಾನ, ಇದು ನಿಜವಾಗಿ ಹಾರುತ್ತಿತ್ತಾ ಅಂತ. ರೆಕ್ಕೆ ಇಲ್ಲ, ಬಾಲ ಇಲ್ಲ. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ನಾಲ್ಕು ಕಾಲು, ನಡುವೆ ನೆಟ್ಟಗೆ ನಿಲ್ಲಿಸಿದ ಒಂದು ಜೆಟ್ ಎಂಜಿನ್. ಜನ ಇದನ್ನು ಹಾರುವ ಮಂಚ ಅಂತ ಕರೆದದ್ದರಲ್ಲಿ ತಪ್ಪೇನಿಲ್ಲ. ಆದರೆ ಬೆಲ್ ಏರೋಸಿಸ್ಟಮ್ಸ್ ಕಟ್ಟಿದ ಈ ಯಂತ್ರವನ್ನು ನಾಸಾ ಪೈಲಟ್ ಜೋ ವಾಕರ್ 1964ರ ಅಕ್ಟೋಬರ್ 30ರಂದು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್‌ನಲ್ಲಿ ಹಾರಿಸಿಯೇಬಿಟ್ಟರು. ಆಮೇಲೆ ಬಂದ ತರಬೇತಿ ಯಂತ್ರ ಎಲ್‌ಎಲ್‌ಟಿವಿಯಲ್ಲಿ ಅಪೊಲೊ ಕಮಾಂಡರ್‌ಗಳು ಚಂದ್ರನ ಮೇಲೆ ಇಳಿಯುವುದನ್ನು ಕಲಿತರು.

ಇದರ ಗುಟ್ಟು ಇಷ್ಟೇ: ಚಂದ್ರನಲ್ಲಿ ತೂಕ ಭೂಮಿಯದರ ಆರನೇ ಒಂದು ಪಾಲು. ಸುಮಾರು 1,700 ಕೆಜಿ ತೂಕದಲ್ಲಿ ಆರರಲ್ಲಿ ಐದು ಪಾಲನ್ನು ಜೆಟ್ ಹೊರುತ್ತದೆ. ಉಳಿದ ಒಂದು ಪಾಲನ್ನು ಪೈಲಟ್ ಎರಡು ಹೈಡ್ರೋಜನ್ ಪೆರಾಕ್ಸೈಡ್ ರಾಕೆಟ್‌ಗಳಿಂದ ಎತ್ತಿಹಿಡಿಯಬೇಕು. ಚೌಕಟ್ಟು ಯಾವ ಕಡೆ ವಾಲಿದರೂ ಜೆಟ್ ಮಾತ್ರ ಗಿಂಬಲ್ ಅನ್ನೋ ಎಲ್ಲ ಕಡೆ ತಿರುಗುವ ಆಧಾರದ ಮೇಲೆ ಕೂತು ನೆಲಕ್ಕೆ ನೇರವಾಗಿಯೇ ಇರುತ್ತದೆ. ಹಾಗಾಗಿ ಪಕ್ಕಕ್ಕೆ ಸರಿಯಲು ಸಿಗುವುದು ರಾಕೆಟ್ಟಿನ ಬಲವೊಂದೇ. ಹೆಲಿಕಾಪ್ಟರ್ 5 ಡಿಗ್ರಿ ವಾಲಿದರೆ ಸಿಗುವ ವೇಗವರ್ಧನೆಗೆ ಇಲ್ಲಿ ಸುಮಾರು 28 ಡಿಗ್ರಿ ವಾಲಬೇಕು, ಹಾಗೆಯೇ ನಿಲ್ಲಬೇಕಾದರೆ ಉಲ್ಟಾ ಕಡೆಗೂ ಅಷ್ಟೇ. ಈ ಮಂಚವನ್ನು ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ಕಟ್ಟಿದಾಗ ಈ ಅನುಭವ ಬಂತಾ ಇಲ್ಲವಾ ಅನ್ನೋದೊಂದೇ ನನ್ನ ಅಳತೆಗೋಲು. ಮಾಡೆಲ್ ಎಷ್ಟು ಚೆಂದ ಕಾಣುತ್ತದೆ ಅನ್ನೋದು ಆಮೇಲಿನ ಮಾತು.

ಬಾಹ್ಯಾಕಾಶ ಹಾರಾಟದ ಸಿಮ್ಯುಲೇಟರ್ ಆರ್ಬಿಟರ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಉಚಿತ, 2021ರಿಂದ ಓಪನ್ ಸೋರ್ಸ್, ಥ್ರಸ್ಟರ್ (ವಾಹನವನ್ನು ತಳ್ಳುವ ರಾಕೆಟ್) ದಿಕ್ಕನ್ನು ಹಾರುತ್ತಿರುವಾಗಲೇ ಬದಲಿಸಬಹುದು, ಅಂದರೆ ಗಿಂಬಲ್ ಕೆಲಸ ಅರ್ಧ ಮುಗಿದ ಹಾಗೆ. ಆದರೆ ಸಿ++ ಭಾಷೆಯಲ್ಲಿ ಕೋಡ್ ಬರೆಯಬೇಕು. ಮೇಲಾಗಿ ಅದರಲ್ಲಿ ನಿಜವಾದ ಚಂದ್ರನೇ ಇದ್ದಾನೆ, ಆರನೇ ಒಂದು ಗುರುತ್ವವೂ ಇದೆ, ನಾಸ್ಪ್ ಆಡ್‌ಆನ್ ಹಾಕಿಕೊಂಡರೆ ಅಪೊಲೊ ಕಂಪ್ಯೂಟರಿನ ಅಸಲಿ ಸಾಫ್ಟ್‌ವೇರ್ ಸಮೇತ ಲೂನಾರ್ ಮಾಡ್ಯೂಲ್ ಇದೆ. ಅಷ್ಟೆಲ್ಲ ಇರುವಾಗ ಭೂಮಿಯ ಮೇಲೆ ಚಂದ್ರನ ನಾಟಕ ಯಾಕೆ ಆಡಬೇಕು, ಅಲ್ವಾ? ಎಲ್‌ಎಲ್‌ಆರ್‌ವಿಯ ಮಜಾ ಇರುವುದೇ ಭೂಮಿಯ ಗಾಳಿಯ ಜೊತೆಗಿನ ಗುದ್ದಾಟದಲ್ಲಿ.

ಎಕ್ಸ್-ಪ್ಲೇನ್‌ನಲ್ಲಿ ಕೂತು ಹಾರಿಸೋಕೆ ಸೊಗಸು. ಎಡ್ವರ್ಡ್ಸ್‌ನ ಒಣ ಸರೋವರದ ಮೇಲೆ ಬೆಳಗಿನ ಬಿಸಿಲು ಬಿದ್ದಿರುವಾಗ ಎತ್ತರ ಎಷ್ಟಿದೆ ಅಂತ ಕಣ್ಣಿಗೇ ಅಂದಾಜು ಸಿಗುತ್ತದೆ, ಕೆಳಗಿಳಿಯುವಾಗ ಇದು ತುಂಬಾ ಮುಖ್ಯ. ಅದರ ಜೊತೆ ಬರುವ ವಿಮಾನ ಕಟ್ಟುವ ಸಾಧನ ಪ್ಲೇನ್ ಮೇಕರ್‌ನಲ್ಲಿ, ನೆಟ್ಟಗೆ ಮೇಲೇಳುವ ಹ್ಯಾರಿಯರ್ ವಿಮಾನದ ತರ ನಳಿಗೆಯನ್ನು ಹಿಂದೆ ಮುಂದೆ ತಿರುಗಿಸುವುದು ಸುಲಭ. ನಮಗೆ ಬೇಕಾದ್ದು ಎಡಬಲವೂ ತಿರುಗುವ, ತಾನಾಗಿಯೇ ನೆಟ್ಟಗಿರುವ ಎಂಜಿನ್. ಅದಕ್ಕೆ ಫ್ಲೈವಿತ್‌ಲುವಾ ಅನ್ನೋ ಪ್ಲಗಿನ್‌ಗೆ ಸ್ಕ್ರಿಪ್ಟ್ ಬರೆದು, ಬಲವನ್ನು ವಿಮಾನದ ಅಕ್ಷಗಳಿಗೆ ನಾವೇ ತಿರುಗಿಸಿ ಕೊಟ್ಟೆವು ಅಂತಿಟ್ಟುಕೊಳ್ಳಿ. ಕೆಲಸ ಆಗುತ್ತದೆ. ತೊಂದರೆ ಬೇರೆ ಕಡೆ ಇದೆ: ಸ್ಕ್ರಿಪ್ಟ್ ಓಡುವುದು ಫ್ರೇಮಿಗೊಮ್ಮೆ, ಅಂದರೆ ಪರದೆಯ ಚಿತ್ರ ಬದಲಾದಾಗೊಮ್ಮೆ. ವಾಹನವನ್ನು ವಾಲಿಸುವ 16 ಪುಟಾಣಿ ಥ್ರಸ್ಟರ್‌ಗಳು ಉರಿಯುತ್ತವೆ ಇಲ್ಲವೇ ಆರುತ್ತವೆ, ನಡುವೆ ಏನೂ ಇಲ್ಲ. ನನ್ನ ಹಳೇ ಗ್ರಾಫಿಕ್ಸ್ ಕಾರ್ಡಿನಲ್ಲಿ ಫ್ರೇಮ್ ಕಡಿಮೆಯಾದ ಕೂಡಲೇ ಅವು ತಡವಾಗಿ ಆರಿ, ಇಡೀ ಮಂಚ ನಡುಗೋಕೆ ಶುರು ಮಾಡುತ್ತದೆ.

ಇನ್ನು ಫ್ಲೈಟ್‌ಗಿಯರ್. ನೋಡೋಕೆ ಸಪ್ಪೆ, ನಿಜ. ಆದರೆ ಒಳಗಿರುವ, ಹಾರಾಟದ ಲೆಕ್ಕ ಮಾಡುವ ಜೆಎಸ್‌ಬಿಸಿಮ್, ಗ್ರಾಫಿಕ್ಸ್ ಏನೇ ಮಾಡಿಕೊಳ್ಳಲಿ ಸೆಕೆಂಡಿಗೆ 120 ಸಲ ತನ್ನ ಲೆಕ್ಕ ತಾನು ಮಾಡುತ್ತದೆ, ನಡುಕದ ತಲೆನೋವು ಅಲ್ಲಿಗೆ ಮುಗಿಯಿತು. ಎಲ್ಲವನ್ನೂ ಬರೆಯುವುದು ಎಕ್ಸ್‌ಎಂಎಲ್ ಅನ್ನೋ ಪಠ್ಯದ ಫೈಲಿನಲ್ಲೇ. ಹೊರಗಿನ ಬಲ ಅಂತ ಒಂದನ್ನು ಸೇರಿಸಿ ಅದರ ಫ್ರೇಮನ್ನು (ಇಲ್ಲಿ ಚಿತ್ರವಲ್ಲ, ದಿಕ್ಕು ಅಳೆಯುವ ಅಕ್ಷಗಳು) ಲೋಕಲ್ ಅಂತ ಬರೆದರೆ ಆ ಬಲ ವಾಹನದ ಜೊತೆ ವಾಲುವುದೇ ಇಲ್ಲ, ನೆಲದ ಲೆಕ್ಕದಲ್ಲಿ ಮೇಲಕ್ಕೇ ಇರುತ್ತದೆ. ಅದಕ್ಕೆ ಆ ಕ್ಷಣದ ತೂಕದ ಆರರಲ್ಲಿ ಐದು ಪಾಲು ಕೊಡಿ. ಇಂಧನ ಉರಿದು ತೂಕ ಇಳಿದ ಹಾಗೆ ಅದೂ ಇಳಿಯುತ್ತದೆ. ಗಿಂಬಲ್ ಕಟ್ಟುವ ರಗಳೆಯೇ ಇಲ್ಲ!

ಆದರೆ ಅಷ್ಟಕ್ಕೇ ಬಿಟ್ಟರೆ ಗಾಳಿ ಬೀಸಿದಾಗ ವಾಹನ ಸರಿಯುತ್ತಾ ಹೋಗುತ್ತದೆ, ಚಂದ್ರನಲ್ಲಿ ಗಾಳಿ ಎಲ್ಲಿದೆ? ಅಸಲಿ ಯಂತ್ರ ಜೆಟ್ಟನ್ನು ಚೂರು ಓರೆ ಮಾಡಿ ಗಾಳಿಯ ತಳ್ಳಾಟವನ್ನು ಸರಿದೂಗಿಸುತ್ತಿತ್ತು. ಜೆಎಸ್‌ಬಿಸಿಮ್ ಗಾಳಿಯ ಬಲವನ್ನೂ ಲೆಕ್ಕ ಹಾಕಿ ಕೊಡುವುದರಿಂದ, ಅದನ್ನು ಉಲ್ಟಾ ಮಾಡಿ ಸ್ವಲ್ಪ ತಡವಾಗಿ ವಾಪಸ್ ಕೊಟ್ಟರೆ ಆಯಿತು. ಆ ತಡ ಬೇಕೇ ಬೇಕು. ಇಲ್ಲದಿದ್ದರೆ ಗಾಳಿಯೇ ತಾಗದ ಹಾಗೆ ತೇಲುತ್ತದೆ, ಅದು ಮೋಸ.

1968ರ ಮೇ 6ರ ಅಪಘಾತವನ್ನೂ ಇದರಲ್ಲೇ ಆಡಿ ನೋಡಿದೆ. ಹ್ಯೂಸ್ಟನ್ ಹತ್ತಿರದ ಎಲ್ಲಿಂಗ್ಟನ್‌ನಲ್ಲಿ ಇಂಧನವನ್ನು ತಳ್ಳುವ ಹೀಲಿಯಂನ ಒತ್ತಡ ಇಳಿದು ಥ್ರಸ್ಟರ್‌ಗಳು ಕೈಕೊಟ್ಟಾಗ, ನೀಲ್ ಆರ್ಮ್‌ಸ್ಟ್ರಾಂಗ್ ಸುಮಾರು 60 ಮೀಟರ್ ಎತ್ತರದಲ್ಲಿ ಸೀಟ್ ಸಮೇತ ಹೊರಗೆ ಹಾರಿದ್ದರು. ನಾನು ಥ್ರಸ್ಟರ್ ಆರಿಸಿದರೆ ವಾಹನ ಆರಾಮಾಗಿ ತೇಲುತ್ತಾ ನಿಂತಿತು! ಎಲ್ಲ ಬಲವೂ ಗುರುತ್ವ ಕೇಂದ್ರಕ್ಕೇ ತಾಗಿದರೆ ಮಗುಚೋಕೆ ಕಾರಣವೇ ಇಲ್ಲವಲ್ಲ. ಗಾಳಿ ತಳ್ಳುವ ಜಾಗವನ್ನು ಸ್ವಲ್ಪ ಮೇಲಕ್ಕೆ ಇಟ್ಟ ಮೇಲೆ ನೋಡಿ, ಗಾಬರಿಯಾಗುವಷ್ಟು ಬೇಗ ವಾಲಿತು.

ಹಾಗಾಗಿ ಕಟ್ಟೋಕೆ ನನ್ನ ಓಟು ಫ್ಲೈಟ್‌ಗಿಯರ್‌ಗೆ. ಒಳ್ಳೇ ಕಂಪ್ಯೂಟರ್ ಇದ್ದು ನೋಟವೇ ಮುಖ್ಯ ಅನ್ನೋರು ಎಕ್ಸ್-ಪ್ಲೇನ್ ಹಿಡಿಯಿರಿ. ಶುರು ಮಾಡುವ ಮುಂಚೆ ನಿಮ್ಮ ಮೇಜಿನ ಮೇಲೆ ಏನಿದೆ ನೋಡಿಕೊಳ್ಳಿ. ತಿರುಚುವ ಜಾಯ್‌ಸ್ಟಿಕ್ ಮಾತ್ರ ಇದ್ದರೆ ಎಲ್‌ಎಲ್‌ಟಿವಿ ಮಾಡಿ, ಅದರಲ್ಲಿ ಮೂರೂ ಅಕ್ಷ ಒಂದೇ ಕೈಹಿಡಿಯಲ್ಲಿತ್ತು. ನಡುವಿನ ಸ್ಟಿಕ್ ಮತ್ತು ಕಾಲಿಗೆ ಪೆಡಲ್ ಇರುವವರಿಗೆ ಮೊದಮೊದಲಿನ ಎಲ್‌ಎಲ್‌ಆರ್‌ವಿಯೇ ಸರಿ.