ಹಳೆಯ ಟ್ರಾವೆಲರ್‌ಗೆ ಹೆಚ್ಚು ಎಳೆತ: ಪಂಪ್ ಕೆಲಸವೋ, ಡೀಸೆಲ್ ಸ್ಕ್ರೂವೋ, ಟರ್ಬೊವೋ?

ಹಾಸಿಗೆ, ಅಡುಗೆ ಕಟ್ಟೆ, ನೀರಿನ ಟ್ಯಾಂಕು ಕೂರಿಸಿ ಓಡಾಡುವ ಮನೆಯಾಗಿಸಿದ ಹಳೆಯ ಟೆಂಪೋ ಟ್ರಾವೆಲರ್, ಬೆಂಗಳೂರಿನ ಸಮತಟ್ಟು ರಸ್ತೆಗಳಲ್ಲಿ ತಕರಾರಿಲ್ಲದೆ ಓಡುತ್ತದೆ. ನಂದಿ ಬೆಟ್ಟದ ತಿರುವುಗಳು ಶುರುವಾದರೆ ಎರಡನೇ ಗೇರೂ ಸಾಲದು. ಇದಕ್ಕೇನು ಮಾಡಬೇಕೆಂದು ವಾಹನಗಳ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ಮೂರು ಉತ್ತರಗಳು ಸಿಗುತ್ತವೆ: ಡೀಸೆಲ್ ತಳ್ಳುವ ಪಂಪ್ ಮತ್ತು ಅದನ್ನು ಎಂಜಿನ್‌ನೊಳಗೆ ಸಿಡಿಸುವ ನಾಜಲ್‌ಗಳ ಕೆಲಸ ಮಾಡಿಸಿ, ಡೀಸೆಲ್ ಸ್ಕ್ರೂ ಏರಿಸಿ, ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಹಾಕಿಸಿ. ಮೊದಲ ಎರಡನ್ನು ನನ್ನ ವಾಹನದಲ್ಲೇ ಮಾಡಿಸಿ ನೋಡಿದ್ದೇನೆ. ಟರ್ಬೊ ಇರುವುದು ಗೆಳೆಯರೊಬ್ಬರ ಅದೇ ಮಾದರಿಯ ವಾಹನದಲ್ಲಿ. ಅದನ್ನೂ ನಂದಿಯ ಅದೇ ಏರಿನಲ್ಲಿ ಓಡಿಸಿದ್ದೇನೆ. ಪಂಪ್ ಕೆಲಸ ಆಗದೆ ಉಳಿದ ಎರಡಕ್ಕೆ ಕೈ ಹಾಕಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಎಂಜಿನ್‌ನ ಮೂಲ ಮರ್ಸಿಡಿಸ್‌ನ ಓಎಂ 616. 2.4 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ. ಬೇಕಾದ ಗಾಳಿಯನ್ನು ಅದು ತಾನೇ ಎಳೆದುಕೊಳ್ಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಶೇ. 9ರಷ್ಟು ತೆಳು. 1,478 ಮೀಟರ್ ಎತ್ತರದ ನಂದಿಯ ನೆತ್ತಿಯಲ್ಲಿ ಕೊರತೆ ಶೇ. 13ರ ಆಸುಪಾಸಿಗೆ ಬರುತ್ತದೆ. ಅಂದರೆ ಕೊರತೆ ಇರುವುದು ಗಾಳಿಗೆ, ಡೀಸೆಲ್‌ಗಲ್ಲ. ಮೂರೂ ದಾರಿಗಳನ್ನು ತೂಗಿ ನೋಡುವಾಗ ಇದನ್ನು ಮರೆಯಬಾರದು.

ಡೀಸೆಲ್ ಪಂಪ್, ನಾಜಲ್‌ಗಳಿಗೆ ಹೆಸರಾದ ಮೈಕೋ ಕಾರ್ಖಾನೆ 1950ರ ದಶಕದಿಂದ ಆಡುಗೋಡಿಯಲ್ಲಿ ಬೇರುಬಿಟ್ಟಿದ್ದ ಊರು ಇದು. ಡೀಸೆಲ್ ಪಂಪ್ ಬಲ್ಲ ಕೈಗಳಿಗೆ ಇಲ್ಲಿ ಬರವಿಲ್ಲ. ನಾಲ್ಕೂ ನಾಜಲ್‌ಗಳನ್ನು ಬಿಚ್ಚಿಸಿ, ಪರೀಕ್ಷೆ ಮಾಡುವಾಗ ಪಕ್ಕದಲ್ಲೇ ನಿಂತು ನೋಡಿದೆ. ಕೈಪಂಪಿನ ಹಿಡಿ ಒತ್ತಿದಾಗ ಒಳ್ಳೆಯ ನಾಜಲ್ ಕಿರ್ರೆಂದು ಸದ್ದು ಮಾಡಿ ಡೀಸೆಲ್ಲನ್ನು ಸಣ್ಣ ತುಂತುರಾಗಿ ಸಿಡಿಸುತ್ತದೆ. ನನ್ನವುಗಳಲ್ಲಿ ಎರಡು ಹಾಗೆ ಸಿಡಿಸಿದವು. ಮೂರನೆಯದು ಸದ್ದಿಲ್ಲದೆ ಒಂದೇ ಗೆರೆಯಾಗಿ ಹರಿಸಿತು. ನಾಲ್ಕನೆಯದರ ತುದಿಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕಿತು. ಮರ್ಸಿಡಿಸ್‌ನ ಮೂಲ ವಿನ್ಯಾಸದಲ್ಲಿ ಹೊಸ ನಾಜಲ್ ತೆರೆದುಕೊಳ್ಳುವ ಒತ್ತಡ ಸುಮಾರು 115 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದ ಗಾಳಿಯ ಒತ್ತಡ). ತೊಟ್ಟಿಕ್ಕುತ್ತಿದ್ದದ್ದು ಅದಕ್ಕಿಂತ ಬಹಳ ಮೊದಲೇ ಬಾಯಿ ಬಿಡುತ್ತಿತ್ತು. ನಾಜಲ್‌ಗಳನ್ನು ಬದಲಿಸಿ, ಪಂಪನ್ನು ಬೆಂಚಿನ ಮೇಲೆ ಕ್ಯಾಲಿಬ್ರೇಷನ್ ಮಾಡಿಸಿ (ಅದು ಕೊಡುವ ಡೀಸೆಲ್ ಅಳತೆ ಸರಿಹೊಂದಿಸಿ), ಟೈಮಿಂಗ್ (ಡೀಸೆಲ್ ಸಿಡಿಯುವ ಗಳಿಗೆ) ಸರಿಪಡಿಸಿ, ಟ್ಯಾಪೆಟ್ (ವಾಲ್ವ್‌ಗಳ ಸಂದು) ಹೊಂದಿಸಿದ್ದಾಯಿತು. ಎಂಜಿನ್ ತಣ್ಣಗಿದ್ದಾಗ ಗಾಳಿ ಒಳಬರುವ ವಾಲ್ವ್‌ಗೆ 0.10 ಮಿ.ಮೀ., ಹೊಗೆ ಹೊರಹೋಗುವ ವಾಲ್ವ್‌ಗೆ 0.30 ಮಿ.ಮೀ. ಸಂದು ಬಿಡಬೇಕು. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಹೊಸವು ಎಂದು ಬೇರೆ ಹೇಳಬೇಕಿಲ್ಲ. ಹಿಂದೆ ಮೊದಲನೇ ಗೇರ್ ಬೇಡುತ್ತಿದ್ದ ತಿರುವುಗಳಲ್ಲಿ ಹೆಚ್ಚಿನವನ್ನು ವಾಹನ ಈಗ ಎರಡರಲ್ಲೇ ಏರುತ್ತದೆ. ಬೆಳಗಿನ ಬಿಳಿ ಹೊಗೆಯೂ ನಿಂತಿದೆ. ಇದು ಹೊಸದಾಗಿ ಗಳಿಸಿದ ಶಕ್ತಿಯಲ್ಲ, ಕಳೆದುಹೋಗಿದ್ದದ್ದು ಮರಳಿ ಬಂದದ್ದು. ಆದರೂ ಕೊಟ್ಟ ಹಣಕ್ಕೆ ಇದರಷ್ಟು ಫಲ ಬೇರಾವುದರಲ್ಲೂ ಕಂಡಿಲ್ಲ.

ಡೀಸೆಲ್ ಸ್ಕ್ರೂ ಎಲ್ಲಕ್ಕಿಂತ ಅಗ್ಗ. ಪಂಪಿನ ಗರಿಷ್ಠ ಡೀಸೆಲ್ ಮಿತಿಯನ್ನು ಸ್ವಲ್ಪ ಏರಿಸಿದರೆ ಮುಗಿಯಿತು. ಪಿಕಪ್ ತುಸು ಹೆಚ್ಚಿದ್ದು ನಿಜ. ಆದರೆ ಏರಿನಲ್ಲಿ ಕನ್ನಡಿ ನೋಡಿದರೆ ಹಿಂದೆಲ್ಲ ಕಪ್ಪು ಹೊಗೆ. ಉರಿಸಲು ಗಾಳಿಯೇ ಸಾಲದಿರುವಾಗ ಹೆಚ್ಚಿನ ಡೀಸೆಲ್ ಮಸಿಯಾಗುತ್ತದೆ, ಎಂಜಿನ್‌ನ ಒಳಬಿಸಿಯೂ ಏರುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಸ್ಟನ್ ಅದರ ಮಿಶ್ರಲೋಹದ್ದೇ. ಬಿಎಸ್-4 ಮಾಲಿನ್ಯ ಮಾನದಂಡಕ್ಕಿಂತ ಹಳೆಯ ಡೀಸೆಲ್ ವಾಹನಗಳಿಗೆ ಎಮಿಷನ್ ಪರೀಕ್ಷೆಯಲ್ಲಿ ಹೊಗೆಯ ಮಿತಿ 65 ಎಚ್‌ಎಸ್‌ಯು (ಹೊಗೆಯ ದಟ್ಟಣೆ ಅಳೆಯುವ ಮಾನ). ಆ ಉದಾರ ಮಿತಿಯನ್ನೂ ದಾಟುವ ಅಪಾಯ ಬೇರೆ. ಹೋಲಿಸಿ ನೋಡಿದ ಮೇಲೆ ಸ್ಕ್ರೂವನ್ನು ಮೊದಲಿನ ಗುರುತಿಗೇ ತರಿಸಿದೆ. ನಮ್ಮ ಹಿಂದೆ ಸ್ಕೂಟರ್‌ನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬರುವವರ ಮುಖಕ್ಕೆ ಆ ಮಸಿ ಉಗುಳುವ ಹಕ್ಕು ನಮಗಿಲ್ಲ.

ಶಕ್ತಿ ಹೆಚ್ಚಿಸಲೆಂದು ಆನ್‌ಲೈನ್‌ನಲ್ಲಿ ಮಾರುವ ಪವರ್ ಬಾಕ್ಸ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆಗಳ ಮಾತು ಇಲ್ಲಿ ಬೇಡ. ಅವು ಎಲೆಕ್ಟ್ರಾನಿಕ್ ನಿಯಂತ್ರಣದ ಎಂಜಿನ್‌ಗಳಿಗೆ. ನಮ್ಮ ಮೆಕ್ಯಾನಿಕಲ್ ಪಂಪಿನಲ್ಲಿ ಅವುಗಳ ವೈರು ಸಿಕ್ಕಿಸಲು ಜಾಗವೇ ಇಲ್ಲ.

ಶಕ್ತಿಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಗೆಲ್ಲುವುದು ಟರ್ಬೊ. ಗೆಳೆಯರ ವಾಹನ ನಂದಿಯ ನೇರ ಏರುಗಳನ್ನು ಮೂರನೇ ಗೇರಿನಲ್ಲಿ ಹತ್ತಿತು, ಹೊಗೆಯೂ ನನ್ನದಕ್ಕಿಂತ ಕಡಿಮೆ. ಗಾಳಿಯ ಕೊರತೆಗೆ ಗಾಳಿಯನ್ನೇ ಕೊಡುವ ದಾರಿ ಇದೊಂದೇ. ಆದರೆ ಮರ್ಸಿಡಿಸ್ ತನ್ನ ಇದೇ ಕುಟುಂಬದ ಐದು ಸಿಲಿಂಡರ್ ಎಂಜಿನ್‌ಗೆ 1970ರ ದಶಕದ ಕೊನೆಯಲ್ಲಿ ಟರ್ಬೊ ಕೂರಿಸಿದಾಗ, ಪಿಸ್ಟನ್‌ಗಳ ತಳಕ್ಕೆ ಎಣ್ಣೆ ಚಿಮ್ಮಿಸಿ ತಣಿಸುವ ವ್ಯವಸ್ಥೆಯನ್ನೂ ಜೊತೆಗೆ ಕೊಟ್ಟಿತ್ತು. ನಮ್ಮ ಹಳೆಯ ಎಂಜಿನ್‌ಗೆ ಹೊರಗಿನಿಂದ ಟರ್ಬೊ ಹಾಕಿಸಿದರೆ ಆ ರಕ್ಷಣೆ ಬರುವುದಿಲ್ಲ. ಆದ್ದರಿಂದ ಗೆಳೆಯರು ಟರ್ಬೊ ತುಂಬುವ ಗಾಳಿಯ ಒತ್ತಡವನ್ನು ಅರ್ಧ ಬಾರ್ ದಾಟಲು ಬಿಡುವುದಿಲ್ಲ, ಎಕ್ಸಾಸ್ಟ್ ಬಿಸಿ ತೋರಿಸುವ ಮೀಟರನ್ನು ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಕೊಂಡಿದ್ದಾರೆ. ಏರು ಹತ್ತಿ ನಿಂತೊಡನೆ ಎಂಜಿನ್ ಆರಿಸದೆ ಟರ್ಬೊ ತಣಿಯಲು ಬಿಡುತ್ತಾರೆ. ಅಷ್ಟು ಶಿಸ್ತು ಇಲ್ಲದವರಿಗೆ ನಾನು ಇದನ್ನು ಹೇಳಲಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆಗಳನ್ನು ತಡೆಯುತ್ತದೆ. ಹಣ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಲೇಬೇಕು.

ಗ್ಯಾರೇಜಿನಲ್ಲಿ ಯಾರೂ ಹೇಳದ ನಾಲ್ಕನೆಯ ದಾರಿಯೊಂದಿದೆ: ತೂಕ. ಏರಿನಲ್ಲಿ ತೂಕ ಹತ್ತರಲ್ಲೊಂದು ಪಾಲು ಇಳಿದರೆ, ಅದೇ ವೇಗಕ್ಕೆ ಬೇಕಾದ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. 18 ಮಿ.ಮೀ. ಪ್ಲೈವುಡ್ಡಿನ ಪೂರ್ತಿ ಹಾಳೆ 30 ಕಿಲೋ ದಾಟುತ್ತದೆ. 150 ಎಎಚ್ ಇನ್ವರ್ಟರ್ ಬ್ಯಾಟರಿ 50 ಕಿಲೋಗಿಂತ ಹೆಚ್ಚು. ಹೆಚ್ಚುಕಡಿಮೆ ಅಷ್ಟೇ ಕೆಲಸಕ್ಕೆ ಬರುವ 100 ಎಎಚ್ ಲಿಥಿಯಂ ಬ್ಯಾಟರಿ 12 ಕಿಲೋ ಆಸುಪಾಸು. ನೂರು ಲೀಟರ್ ನೀರೆಂದರೆ ನೂರು ಕಿಲೋ. ಮಂಗಳೂರು ಕಡೆಯಿಂದ ಚಾರ್ಮಾಡಿ ಹತ್ತಿ ಬರುವಾಗ ಉಜಿರೆಯಲ್ಲಿ ಟ್ಯಾಂಕು ತುಂಬಿಸುವುದಿಲ್ಲ; ಘಾಟಿ ಹತ್ತಿದ ಮೇಲೆ ಕೊಟ್ಟಿಗೆಹಾರದಲ್ಲಿ ತುಂಬಿಸಿಕೊಳ್ಳುತ್ತೇನೆ.