ಕೊಲೆಸ್ಟ್ರಾಲ್ ಮಾತ್ರೆ ಶುರುಮಾಡುವ ಮುಂಚೆ ಒಮ್ಮೆ ಥೈರಾಯ್ಡಿನ ಟಿಎಸ್‌ಎಚ್ ನೋಡಿಸಿ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸದ ಹೆಂಗಸೊಬ್ಬರು ಪಟ್ಟ ಪಾಡು ಇದು. ವಯಸ್ಸು ಐವತ್ತರ ಹತ್ತಿರ. ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ ಅಂದರೆ ಕೆಟ್ಟ ಕೊಲೆಸ್ಟ್ರಾಲ್ 200 ದಾಟಿತ್ತು. ಎಣ್ಣೆ ಬಿಡಿ ಅಂದರು, ಸ್ಟಾಟಿನ್ ಗುಂಪಿನ ಕೊಲೆಸ್ಟ್ರಾಲ್ ಮಾತ್ರೆ ಅಟೊರ್ವಾಸ್ಟಾಟಿನ್ ಬರೆದುಕೊಟ್ಟರು. ಸುಸ್ತು, ಮಲಬದ್ಧತೆ, ಒರಟು ಚರ್ಮ, ಬೇರೆಯವರು ಸೆಕೆ ಅನ್ನುವಾಗ ಇವರಿಗೆ ಚಳಿ; ಇದನ್ನು ಯಾರೂ ಕೇಳಲಿಲ್ಲ, ಮುಟ್ಟು ನಿಲ್ಲುವ ವಯಸ್ಸಲ್ಲವೇ ಅಂದುಕೊಂಡು ಇವರೂ ಹೇಳಲಿಲ್ಲ. ಎರಡು ತಿಂಗಳಿಗೆ ತೊಡೆನೋವು, ಕೂತರೆ ಏಳಲಾಗದು. ನಿಂತು ಮಾಡುವ ಕೆಲಸ, ಅದಕ್ಕೇ ಇರಬೇಕೆಂದು ನೋವಿನ ಮಾತ್ರೆ ಬಂತು. ಕೊಲೆಸ್ಟ್ರಾಲ್ ಸಾಕಷ್ಟು ಇಳಿದಿಲ್ಲವೆಂದು ಡೋಸೂ ಏರಿತು. ಕೊನೆಗೆ ಟಿಎಸ್‌ಎಚ್ ಮಾಡಿಸಿದರೆ 60ರ ಮೇಲೆ! ಇರಬೇಕಾದ್ದು ಹೆಚ್ಚುಕಡಿಮೆ 0.4ರಿಂದ 4ರೊಳಗೆ. ಈ ಅಂಕಿ ಏರಿದೆ ಅಂದರೆ ಸಾಮಾನ್ಯವಾಗಿ ಥೈರಾಯ್ಡ್ ಹಾರ್ಮೋನು ಕಡಿಮೆಯಾಗಿದೆ ಅಂತ. ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಸಿಪಿಕೆಯೂ ಏರಿತ್ತು.

ರಕ್ತದಲ್ಲಿನ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆಯುವ ಗ್ರಾಹಕಗಳು ಲಿವರ್ ಮೇಲಿರುತ್ತವೆ. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಅವೂ ಕಡಿಮೆಯಾಗುತ್ತವೆ, ಕೊಬ್ಬು ರಕ್ತದಲ್ಲೇ ಉಳಿಯುತ್ತದೆ. ಬರೀ ಎಣ್ಣೆ ಬಿಟ್ಟರೆ ಇದು ಸರಿಹೋಗುವುದಿಲ್ಲ. ಜೊತೆಗೆ ನಾಡಿ ನಿಧಾನ, ರಕ್ತನಾಳ ಬಿಗಿ, ಬಿಪಿಯ ಕೆಳಗಿನ ಅಂಕಿ ಮೇಲೆ. ತೀರಾ ಬಿಟ್ಟರೆ ಹೃದಯದ ಸುತ್ತ ನೀರೂ ತುಂಬಬಹುದು. ಹಾರ್ಮೋನಿಲ್ಲದೆ ಮೊದಲೇ ಸೋತ ಸ್ನಾಯುವಿನ ಮೇಲೆ ಸ್ಟಾಟಿನ್ ಬಿದ್ದರೆ ಆಗುವುದೇ ಆ ತೊಡೆನೋವು.

ಟಿಎಸ್‌ಎಚ್ 4ರಿಂದ 10ರ ನಡುವೆ ಇದ್ದರೆ ಥೈರಾಯ್ಡ್ ಮಾತ್ರೆಯಿಂದಲೇ ಕೊಲೆಸ್ಟ್ರಾಲ್ ಬಹಳ ಇಳಿದೀತೆಂದು ಕಾಯಬೇಡಿ. 10 ದಾಟಿದವರಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಥೈರಾಯ್ಡ್ ಮಾತ್ರೆ ಲೆವೊಥೈರಾಕ್ಸಿನ್ ಅನ್ನು ಬೆಳಗ್ಗೆ ಬರೀ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ. ನಮ್ಮ ಕಡೆ ಎದ್ದ ಕೂಡಲೇ ಹಾಲು ಹಾಕಿದ ರಾಗಿ ಮಾಲ್ಟ್ ಕುಡಿದು ಮಾತ್ರೆ ನುಂಗುವವರೇ ಜಾಸ್ತಿ. ಅದರಲ್ಲಿರುವ ಕ್ಯಾಲ್ಸಿಯಂ ಔಷಧಿಯನ್ನು ಮೈಗೆ ಹತ್ತಗೊಡುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರ ಬೇಕು. ಡೋಸು ಬದಲಾದ 6ರಿಂದ 8 ವಾರಕ್ಕೆ ಮತ್ತೆ ಟಿಎಸ್‌ಎಚ್, ಅದು ಹದಕ್ಕೆ ಬಂದ ಮೇಲೆ ಲಿಪಿಡ್ (ಕೊಲೆಸ್ಟ್ರಾಲ್) ಪರೀಕ್ಷೆ. ಅದಕ್ಕೂ ಮುಂಚೆ ಮಾಡಿಸಿದರೆ ದುಡ್ಡು ದಂಡ.

ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಥೈರಾಯ್ಡ್ ಮಾತ್ರೆ 12.5 ಅಥವಾ 25 ಮೈಕ್ರೋಗ್ರಾಂನಿಂದ ಶುರು. ಒಮ್ಮೆಲೇ ಪೂರ್ತಿ ಡೋಸು ಕೊಟ್ಟರೆ ಎದೆನೋವು ಬರಬಹುದು, ಬಡಿತದ ಲಯ ತಪ್ಪಬಹುದು. ಇದನ್ನೋದಿ ಸ್ಟೆಂಟ್ ಹಾಕಿಸಿಕೊಂಡವರು, ಸಕ್ಕರೆ ಕಾಯಿಲೆಯವರು ಸ್ಟಾಟಿನ್ ತಾವೇ ನಿಲ್ಲಿಸಿಬಿಡಬೇಡಿ. ತೊಡೆ ನೋಯುತ್ತಿದ್ದರೆ ಡಾಕ್ಟರ ಹತ್ತಿರ ಸಿಪಿಕೆ, ಟಿಎಸ್‌ಎಚ್ ಎರಡನ್ನೂ ಕೇಳಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಿ.